ಕಿವಿ ಚುಚ್ಚಿಸುವವರಿಗೆ, ಹಚ್ಚೆ ಹಾಕಿಸುವವರಿಗೆ ಒಂದಿಷ್ಟು ಕಿವಿಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ಈ ನಾಲ್ಕು ತಾಲ್ಲೂಕು ಸೇರಿದರೆ ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಹೈಸ್ಕೂಲು, ಪಿಯುಸಿ ಓದುವ ಮಕ್ಕಳಿಗೂ ಅವರ ತಾಯಂದಿರಿಗೂ ಈ ಮಾತು. ನಮ್ಮ ಕಡೆ ಕಿವಿ ಚುಚ್ಚದ ಮನೆಯಿಲ್ಲ. ಅಜ್ಜಿಯರ ಮುಂಗೈ ಮೇಲೆ ಹಸಿರು ಹಚ್ಚೆ ಈಗಲೂ ಇದೆ. ಸತ್ತಾಗ ಜೊತೆಗೆ ಬರುವುದು ಅದೊಂದೇ ಅಂತ ನಂಬಿ, ಹಚ್ಚೆ ಹಾಕುವ ಹೆಂಗಸರ ಮುಂದೆ ಹಲ್ಲು ಕಚ್ಚಿಕೊಂಡು ಕೈ ಚಾಚಿದವರು ಅವರು. ಈಗ ಹುಡುಗರ ಕುತ್ತಿಗೆ ಮೇಲೆ ಅಮ್ಮನ ಹೆಸರು, ಹುಡುಗಿಯರ ಕಿವಿಯ ಮೇಲಂಚಿನಲ್ಲಿ ಎರಡನೇ ತೂತು, ಮೂರನೇ ತೂತು. ಚಂದ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ಅದು ಒಡವೆ ಆಗುವುದು ಆಮೇಲೆ, ಮೊದಲು ಅದು ಗಾಯ. ಆ ಗಾಯವನ್ನು ಸರಿಯಾಗಿ ನೋಡಿಕೊಳ್ಳದೆ ಕೀವು, ಗಂಟು, ಹರಿದ ಹಾಲೆ ಮಾಡಿಕೊಂಡ ಎಷ್ಟೋ ಜನರನ್ನು ಕಂಡಿದ್ದೇನೆ. ಅದಕ್ಕೇ ಇಷ್ಟು ಹೇಳುವುದು.

ಮೊದಲು ಕೂಸುಗಳ ಕಿವಿ.

• ಮಗುವಿಗೆ 6, 10, 14ನೇ ವಾರದ ಚುಚ್ಚುಮದ್ದು ಮುಗಿಯಲಿ, ಆಮೇಲೆ ಕಿವಿ ಚುಚ್ಚಿಸಿ. ಆ ಪೆಂಟಾವೇಲೆಂಟ್ ಲಸಿಕೆಯಲ್ಲಿ ಧನುರ್ವಾಯುವಿಗೂ ಹೆಪಟೈಟಿಸ್-ಬಿಗೂ ರಕ್ಷಣೆ ಇದೆ. ತಾಯಿ ಕಾರ್ಡು ತೆಗೆದು ನೋಡಿ; ಹಾಕಿಸಿದ್ದೀವಿ ಅನ್ನೋ ನೆನಪನ್ನು ನಂಬಬೇಡಿ.

• ಸೋದರಮಾವನ ತೊಡೆ, ತೆಂಗಿನಕಾಯಿ, ಕಡಲೆ ಬೆಲ್ಲ ಎಲ್ಲ ಇರಲಿ. ಮಾವನಿಗೆ ಒಂದು ಕೆಲಸ ಹೆಚ್ಚಿಗೆ ಕೊಡಿ: ಮಗುವಿನ ತಲೆ ಅಲುಗದ ಹಾಗೆ ಹಿಡಿಯುವುದು. ಅಲುಗಿದರೆ ತೂತು ಅಂಚಿಗೆ ಬರುತ್ತೆ. ದೊಡ್ಡವಳಾಗಿ ಜುಮುಕಿ ಹಾಕಿದಾಗ ಹರಿಯುವುದು ಅಂಥ ಹಾಲೆಯೇ.

• ಚುಚ್ಚುವ ಮೊದಲು ಎರಡೂ ಹಾಲೆಗೆ ಪೆನ್ನಿನಲ್ಲಿ ಚುಕ್ಕಿ ಇಡಿಸಿ, ಎದುರು ನಿಂತು ನೋಡಿ. ಒಂದು ನಿಮಿಷದ ಕೆಲಸ. ಮೇಲೆ ಕೆಳಗೆ ಆದರೆ ಮಗು ಜೀವನವಿಡೀ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

• ಮನೆದೇವರಿಗೆ ಮುಡಿ ಕೊಡುವ ದಿನವೇ ಕಿವಿಯನ್ನೂ ಚುಚ್ಚಿಸುವುದಾದರೆ, ಮುಡಿ ತೆಗೆಸಿ, ಸ್ನಾನ ಮಾಡಿಸಿ, ಕಿವಿ ಒರೆಸಿ, ಕೊನೆಗೆ ಚುಚ್ಚಿಸಿ. ಕೂದಲ ಚೂರು ಹಸಿ ತೂತಿಗೆ ಅಂಟಿಕೊಂಡರೆ ಅದನ್ನು ತೆಗೆಯುವುದೇ ಒಂದು ಹಿಂಸೆ.

• ಆಚಾರ್ರ ಹತ್ತಿರ ಚುಚ್ಚಿಸುವುದಾದರೆ ಚುಚ್ಚುವ ಬಂಗಾರದ ತಂತಿಯನ್ನು ಮನೆಯಲ್ಲೇ 20 ನಿಮಿಷ ಕುದಿಸಿ, ಹಾಗೇ ಮುಚ್ಚಿ ತೆಗೆದುಕೊಂಡು ಹೋಗಿ. ಬಂಗಾರ ಶುದ್ಧ ಅನ್ನುತ್ತಾರೆ, ಆದರೆ ಬಂಗಾರಕ್ಕೂ ಕೈ ಕೊಳೆ ಅಂಟುತ್ತೆ. ಅವರಿಗೆ ಕೈ ತೊಳೆಯಲು ಸೋಪು, ನೀರು ನೀವೇ ಕೊಡಿ. ಮುಲಾಜು ನೋಡಬೇಡಿ, ಮಗು ನಿಮ್ಮದು.

• ಹತ್ತಿರದ ಡಾಕ್ಟರು ಚುಚ್ಚಿಕೊಡುತ್ತಾರೆ ಅಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅವರು ನಿಮ್ಮೆದುರೇ ಪೊಟ್ಟಣ ಒಡೆದು ಹೊಸ ಸೂಜಿ ತೆಗೆಯುತ್ತಾರೆ, ಕೆಲಸ ಮುಗಿದ ಮೇಲೆ ಬಿಸಾಡುತ್ತಾರೆ.

• ಮೊದಲ ಓಲೆಗೆ ಕಾಸು ಉಳಿಸಬೇಡಿ. ಒಂದು ಸಣ್ಣ 916 ಚಿನ್ನದ ಕಡ್ಡಿ ಸಾಕು. ಒನ್ ಗ್ರಾಂ ಗೋಲ್ಡ್, ಬಳೆ ಅಂಗಡಿಯ ಹೊಳೆಯುವ ಓಲೆ, ಇವುಗಳ ಅಡಿಯಲ್ಲಿ ಬಹಳ ಸಲ ನಿಕ್ಕಲ್ ಇರುತ್ತೆ. ಹಸಿ ಗಾಯಕ್ಕೆ ನಿಕ್ಕಲ್ ತಾಗಿ ಒಂದು ಸಲ ಅಲರ್ಜಿ ಹತ್ತಿತೋ, ಅದು ಬಿಡುವುದೇ ಇಲ್ಲ. ಆಮೇಲೆ ವಾಚಿನ ಬಕಲ್, ಪ್ಯಾಂಟಿನ ಗುಂಡಿ, ಸೇಫ್ಟಿ ಪಿನ್ನು ತಾಗಿದಲ್ಲೆಲ್ಲ ತುರಿಕೆ, ನೀರು ಸೋರುವುದು. ಯುರೋಪಿನಲ್ಲಿ 1994ರಲ್ಲೇ ಒಡವೆಯ ನಿಕ್ಕಲ್‌ಗೆ ಕಾನೂನಿನ ಮಿತಿ ಹಾಕಿದರು. ನಮ್ಮಲ್ಲಿ ಆ ಮಿತಿಯನ್ನು ತಾಯಿಯೇ ಹಾಕಬೇಕು.

• ತಿರುಪನ್ನು ಬಿಗಿಯಾಗಿ ತಿರುಗಿಸಬೇಡಿ. ಹೊಸ ತೂತು ಎರಡು ಮೂರು ದಿನ ಊದುತ್ತೆ. ಜಾಗ ಬಿಡದಿದ್ದರೆ ತಿರುಪು ಮಾಂಸದೊಳಗೆ ಹೂತುಹೋಗುತ್ತೆ. ಆಮೇಲೆ ಡಾಕ್ಟರು ಕೊಯ್ದೇ ತೆಗೆಯಬೇಕು.

ಇನ್ನು ಮೂಗು.

• ಮದುವೆ ಗೊತ್ತಾದ ಮೇಲೆ ಮೂಗು ಚುಚ್ಚಿಸಲು ಓಡುವ ಹುಡುಗಿಯರೇ, ಮುಹೂರ್ತಕ್ಕೆ ಮೂರು ನಾಲ್ಕು ತಿಂಗಳು ಇರುವಾಗಲೇ ಚುಚ್ಚಿಸಿಕೊಳ್ಳಿ. ಹಾಲೆಯ ತೂತು ಆರರಿಂದ ಎಂಟು ವಾರಕ್ಕೆ ಮಾಗುತ್ತೆ, ಮೂಗಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಧಾರೆಯ ದಿನ ಅರಿಶಿನದ ಮುಖದಲ್ಲಿ ಮೂಗು ಮಾತ್ರ ಕೆಂಪಗೆ ಊದಿ ಕೂತರೆ ಫೋಟೋದಲ್ಲಿ ಅದೇ ಕಾಣುವುದು.

• ಮೂಗುತಿಯ ತಿರುಪು ಸಡಿಲವಾಗಿದೆ ಅನಿಸಿದರೆ ಆ ರಾತ್ರಿ ತೆಗೆದಿಟ್ಟು ಮಲಗಿ. ನಿದ್ದೆಯಲ್ಲಿ ಕಳಚಿ, ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದದ್ದುಂಟು. ತಿರುಪು ಕಾಣೆಯಾಗಿ ಕೆಮ್ಮು ಬಿಡದೆ ಇದ್ದರೆ ಡಾಕ್ಟರಿಗೆ ಮೂಗುತಿಯ ಮಾತು ಹೇಳುವುದನ್ನು ಮರೆಯಬೇಡಿ.

• ಮೂಗಿನ ಸುತ್ತ ಕೀವಿನ ಗುಳ್ಳೆ ಎದ್ದರೆ ಹಿಸುಕಬೇಡಿ. ಅಲ್ಲಿಯ ರಕ್ತನಾಳಕ್ಕೂ ತಲೆಯೊಳಗಿನ ರಕ್ತನಾಳಕ್ಕೂ ಸಂಬಂಧ ಇದೆ, ನಂಜು ಒಳಗೆ ಏರಬಹುದು.

ಕಿವಿಯ ಮೇಲಂಚಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ, ಏಕೆಂದರೆ ಈಗಿನ ಹುಡುಗಿಯರು ಹೆಚ್ಚು ಕೆಡಿಸಿಕೊಳ್ಳುತ್ತಿರುವುದು ಇದನ್ನೇ. ಬುಗುಡಿ ಹಾಕುತ್ತಿದ್ದ ಕಾಲದಿಂದಲೂ ಮೇಲ್ಗಿವಿ ಚುಚ್ಚುವುದಿದೆ, ಹೊಸದೇನಲ್ಲ. ಆದರೆ ಹಾಲೆಯಲ್ಲಿ ಇರುವುದು ಮಾಂಸ, ಮೇಲಂಚಿನಲ್ಲಿ ಇರುವುದು ಮೃದ್ವಸ್ಥಿ. ಅದಕ್ಕೆ ತನ್ನದೇ ರಕ್ತ ಇಲ್ಲ, ಮೇಲಿನ ತೆಳು ಪೊರೆಯಿಂದ ಬಂದದ್ದೇ ಅದಕ್ಕೆ ಅನ್ನ ನೀರು. ನಂಜಾಯಿತೋ, ಔಷಧಿ ಅಲ್ಲಿಗೆ ತಲುಪುವುದೇ ನಿಧಾನ.

• ಮೇಲ್ಗಿವಿಗೆ ಕಿವಿ ಚುಚ್ಚುವ ಗನ್ನು ಬೇಡವೇ ಬೇಡ. ಗನ್ನು ಚುಚ್ಚುವುದಿಲ್ಲ, ಗುದ್ದುತ್ತೆ. ಒಳಗಿನ ಮೃದ್ವಸ್ಥಿ ಹಪ್ಪಳದ ಹಾಗೆ ಬಿರುಕು ಬಿಡಬಹುದು. ಪ್ಲಾಸ್ಟಿಕ್ ಗನ್ನನ್ನು ಆಟೋಕ್ಲೇವಿನಲ್ಲಿ ಇಟ್ಟು ಶುದ್ಧ ಮಾಡಲೂ ಆಗುವುದಿಲ್ಲ. ಟೊಳ್ಳು ಸೂಜಿಯಲ್ಲಿ ಚುಚ್ಚುವವರು ಸಿಕ್ಕರೆ ಚುಚ್ಚಿಸಿ, ಇಲ್ಲದಿದ್ದರೆ ಹಾಲೆಯಲ್ಲೇ ಇನ್ನೊಂದು ತೂತಿಗೆ ತೃಪ್ತಿಪಡಿ.

• ಮೇಲಂಚು ಮಾಗಲು ನಾಲ್ಕು ತಿಂಗಳಿಂದ ಒಂದು ವರ್ಷ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತೆ. ಹದಿನೈದು ದಿನಕ್ಕೇ ಬೇರೆ ಓಲೆ ಬದಲಿಸಬೇಡಿ.

• ಎರಡೂ ಕಿವಿಯ ಮೇಲಂಚನ್ನು ಒಂದೇ ದಿನ ಚುಚ್ಚಿಸಬೇಡಿ. ರಾತ್ರಿ ಮಲಗಲು ಒಂದು ಮಗ್ಗುಲಾದರೂ ಬೇಕಲ್ಲ.

• ಮೇಲ್ಗಿವಿ ಕೆಂಪಾಗಿ, ಬಿಸಿಯಾಗಿ, ಊದಿ, ಮುಟ್ಟಿದರೆ ಜೀವ ಹೋಗುವಷ್ಟು ನೋವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ನಾಳೆ ಸಂತೆಗೆ ಹೋದಾಗ ತೋರಿಸಿದರಾಯಿತು ಅನ್ನಬೇಡಿ. ಸಾಮಾನ್ಯವಾಗಿ ಇದನ್ನು ಮಾಡುವ ಸೂಡೊಮೊನಾಸ್ ಎಂಬ ರೋಗಾಣು ಮೆಡಿಕಲ್ ಶಾಪಿನವರು ಕೊಡುವ ಮಾಮೂಲಿ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಅದಕ್ಕೆ ಬೇರೆ ಮಾತ್ರೆ ಬೇಕು, ಡಾಕ್ಟರೇ ಬರೆಯಬೇಕು. ತಡ ಮಾಡಿದರೆ ಮೃದ್ವಸ್ಥಿ ಕರಗಿ ಕಿವಿ ಸುಕ್ಕುಗಟ್ಟುತ್ತೆ. ಮೊದಲಿನ ರೂಪಕ್ಕೆ ತರಲು ಪ್ಲಾಸ್ಟಿಕ್ ಸರ್ಜರಿಯೇ ಗತಿ, ಅದೂ ಪೂರ್ತಿ ಸರಿಹೋಗುವ ಭರವಸೆ ಇಲ್ಲ.

• ಹಾಸ್ಟೆಲಿನಲ್ಲಿ ಗೆಳತಿ ಕೈವಾರ ಹಿಡಿದು, ಇಲ್ಲವೇ ಹೊಲಿಗೆ ಸೂಜಿ ಹಿಡಿದು, ನಾನೇ ಚುಚ್ಚುತ್ತೀನಿ ಅಂದರೆ ಬೇಡ ಅನ್ನಿ. ಅವಳಿಗೆ ಬೇಜಾರಾದರೂ ಪರವಾಗಿಲ್ಲ. ಒಬ್ಬಳ ಸೂಜಿ ಇನ್ನೊಬ್ಬಳಿಗೆ ಹೋದರೆ ರಕ್ತವೂ ಹೋಯಿತು ಅಂತಲೇ ಅರ್ಥ.

• ನಾಲಿಗೆ, ಹೊಕ್ಕುಳು ಚುಚ್ಚಿಸುವ ಆಸೆ ಇದ್ದರೆ ಇನ್ನೂ ಸ್ವಲ್ಪ ವರ್ಷ ತಡೆಯಿರಿ. ಹೊಕ್ಕುಳಿಗೆ ಸೀರೆ, ಲಂಗದ ಬಿಗಿ ಸದಾ ಉಜ್ಜುತ್ತೆ, ಮಾಗಲು ವರ್ಷವಾದರೂ ಆಗುತ್ತೆ. ನಾಲಿಗೆ ಊದಿದರೆ ಉಸಿರಿಗೇ ಕುತ್ತು. ಹಾಗಾದರೆ 108ಕ್ಕೆ ಫೋನು ಮಾಡಿ, ಕಾಯಬೇಡಿ.

ಹಚ್ಚೆ ಹಾಕಿಸುವವರೇ, ಈಗ ನಿಮ್ಮ ಸರದಿ.

• ದಂಡಿನ ಮಾರಮ್ಮನ ಜಾತ್ರೆಗೆ ಹೋಗಿ, ಬಳೆ ತೊಡಿಸಿಕೊಳ್ಳಿ, ಕಡ್ಲೆಪುರಿ ಕಟ್ಟಿಸಿಕೊಳ್ಳಿ. ಹಚ್ಚೆಯನ್ನು ಮಾತ್ರ ಯಾವ ಜಾತ್ರೆಯ ಬಯಲಲ್ಲೂ ಹಾಕಿಸಬೇಡಿ. ಧೂಳು ಹಾರುತ್ತಿರುತ್ತೆ, ಕೈ ತೊಳೆಯಲು ನೀರಿರುವುದಿಲ್ಲ, ಸಾಲು ನಿಂತ ಜನಕ್ಕೆ ಸೂಜಿ ಬದಲಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಹೆಪಟೈಟಿಸ್-ಬಿ, ಹೆಪಟೈಟಿಸ್-ಸಿ, ಎಚ್‌ಐವಿ ಈ ಮೂರೂ ಸೂಜಿಯ ತುದಿಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟಬಲ್ಲವು. ಐವತ್ತು ನೂರು ರೂಪಾಯಿ ಉಳಿಸಿದ ಲೆಕ್ಕ ಇದಕ್ಕೆ ಸಮವಲ್ಲ.

• ಅಂಗಡಿಯಲ್ಲಿ ಹಾಕಿಸುವಾಗ ಮೂರು ನೋಡಿ. ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಲಿ. ಕೈಗೆ ಹೊಸ ಗ್ಲೌಸು ಹಾಕಲಿ, ಹಾಕಿದ ಕೈಯಲ್ಲಿ ಮೊಬೈಲು ಮುಟ್ಟದಿರಲಿ. ಬಣ್ಣವನ್ನು ಪುಟ್ಟ ಮುಚ್ಚಳಕ್ಕೆ ಸುರಿದುಕೊಂಡು, ಉಳಿದದ್ದನ್ನು ಚೆಲ್ಲಲಿ. ನಿಮ್ಮ ಹಿಂದಿನವರ ತೋಳಿಗೆ ಅದ್ದಿದ ಬಣ್ಣ ನಿಮಗೆ ಬೇಡ.

• ಬಣ್ಣ ತೆಳು ಮಾಡಲು ನಲ್ಲಿ ನೀರು ಬೆರೆಸಿದರೆ ಎದ್ದು ಬನ್ನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿನಲ್ಲಿ 2011ರ ಕೊನೆಯ ಹೊತ್ತಿಗೆ 19 ಜನರ ಹಚ್ಚೆಯ ಮೇಲೆ ಗುಳ್ಳೆ ಎದ್ದವು. ಹುಡುಕಿದರೆ, ಕ್ಷಯದ ಜಾತಿಗೇ ಸೇರಿದ ಒಂದು ರೋಗಾಣು ಸಿಕ್ಕಿತು, ಅದು ಬಂದದ್ದು ಮೊದಲೇ ನೀರು ಬೆರೆಸಿಟ್ಟಿದ್ದ ಬೂದು ಬಣ್ಣದ ಸೀಸೆಯಿಂದ. ಅಂಥ ಊರಲ್ಲೇ ಹಾಗಾದರೆ, ನಮ್ಮ ಟ್ಯಾಂಕಿನ ನೀರಿನ ಮಾತು ಏನು ಹೇಳಲಿ.

• ಕಪ್ಪೊಂದೇ ಸಾಕು, ಬಣ್ಣ ಬಣ್ಣದ್ದು ಬೇಡ. ಕೆಂಪು ಬಣ್ಣಕ್ಕೆ ಅಲರ್ಜಿ ಹೆಚ್ಚು, ಅದು ತಿಂಗಳೋ ವರ್ಷವೋ ಕಳೆದ ಮೇಲೂ ಏಳಬಹುದು: ಗುಲಾಬಿಯ ಎಲೆ ಸುಮ್ಮನಿರುತ್ತೆ, ಹೂವು ಮಾತ್ರ ಉಬ್ಬಿ ತುರಿಸುತ್ತೆ. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಪರೀಕ್ಷೆ ಮಾಡಿಸಿದ ಹಚ್ಚೆ ಬಣ್ಣಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಪ್ಲಾಟಿನಂ, ಆರ್ಸೆನಿಕ್ ಸೇರಿ 22 ಲೋಹ ಸಿಕ್ಕಿವೆ ಅಂತ ಹೇಳಿ, ಇದಕ್ಕೊಂದು ಕಟ್ಟುಪಾಡು ತರಲು ಕೇಂದ್ರವನ್ನು ಕೇಳುವುದಾಗಿ ತಿಳಿಸಿದರು. ಯುರೋಪಿನವರು 2022ರಿಂದ ಸಾವಿರಾರು ರಾಸಾಯನಿಕಗಳಿಗೆ ಹಚ್ಚೆ ಬಣ್ಣದಲ್ಲಿ ಮಿತಿ ಹಾಕಿದ್ದಾರೆ. ಸೀಸೆ ಮೇಲೆ ಹೆಸರು, ತಯಾರಿಸಿದ ತಾರೀಕು ಇಲ್ಲದ ಬಣ್ಣವನ್ನು ಮೈಗೆ ಇಳಿಸಿಕೊಳ್ಳಬೇಡಿ.

• ಹೊಸ ಜಾಗದಲ್ಲಿ ಮೊದಲು ಸಣ್ಣ ಚುಕ್ಕಿ ಹಾಕಿಸಿ ಒಂದೆರಡು ತಿಂಗಳು ನೋಡಿ. ತುರಿಸದಿದ್ದರೆ ಮುಂದಿನದು. ಚುಕ್ಕಿ ಸುಮ್ಮನಿದ್ದರೆ ಮುಂದೆ ಏನೂ ಆಗುವುದಿಲ್ಲ ಅಂತಲ್ಲ, ಆದರೂ ಅರ್ಧ ತೋಳು ಕೆಡುವುದಕ್ಕಿಂತ ಒಂದು ಚುಕ್ಕಿ ಕೆಡುವುದು ಮೇಲು.

• ಮಚ್ಚೆಯ ಮೇಲೆ ಹಾಕಿಸಬೇಡಿ. ಮುಂದೆ ಮಚ್ಚೆ ಬೆಳೆದರೆ, ಬಣ್ಣ ಬದಲಿಸಿದರೆ ಡಾಕ್ಟರ ಕಣ್ಣಿಗೆ ಕಾಣಬೇಕು.

• ಮನೆಯಲ್ಲಿ ಯಾರಿಗಾದರೂ ಗಾಯ ಮಾಗಿದ ಮೇಲೆ ದಪ್ಪ ಗಂಟು ಕಟ್ಟುವ ಮೈ ಇದೆಯಾ ಕೇಳಿ. ಡಾಕ್ಟರು ಅದಕ್ಕೆ ಕೀಲಾಯ್ಡ್ ಅನ್ನುತ್ತಾರೆ, ಅದು ರಕ್ತಸಂಬಂಧದಲ್ಲಿ ಬರುತ್ತೆ. ಎದೆ, ಭುಜ, ಹಾಲೆ ಇವು ಅದು ಕೂರುವ ಜಾಗಗಳು. ಅಮ್ಮನಿಗೆ ಸಿಸೇರಿಯನ್ ಹೊಲಿಗೆ ಹಗ್ಗದಂತೆ ಉಬ್ಬಿದ್ದರೆ ಮಗಳು ಎದೆಯ ಮೇಲೆ ಹಚ್ಚೆ ಹಾಕಿಸುವುದು ಬೇಡ. ಆಗಲೇ ಗಂಟಾಗಿದ್ದರೆ ಕತ್ತರಿಸಿ ಬಿಸಾಡಿಸಬೇಡಿ. ಬರೀ ಕತ್ತರಿಸಿದ್ದು ಇನ್ನೂ ದೊಡ್ಡದಾಗಿ ಬೆಳೆಯುತ್ತೆ. ಗಂಟಿನೊಳಗೆ ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಡುತ್ತಾರೆ, ತಾಳ್ಮೆಯಿಂದ ಕೊಡಿಸಿ.

• ತೊನ್ನು, ಸೋರಿಯಾಸಿಸ್ ಇರುವವರು ಹಾಕಿಸಬೇಡಿ. ಸೂಜಿ ಓಡಿದ ಗೆರೆಯ ಮೇಲೇ ಅದು ಎದ್ದು ಬರಬಹುದು. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಚುಚ್ಚಿಸಲೇಬೇಡಿ. ಬಸುರಿಯರು ಹೆರಿಗೆ, ಬಾಣಂತನ ಮುಗಿಸಿ ಯೋಚಿಸಿ.

• ಹತ್ತು, ಹದಿನಾರನೇ ವಯಸ್ಸಿನಲ್ಲಿ ಧನುರ್ವಾಯುವಿಗೆ ಕೊಡುವ ಟಿಡಿ ಚುಚ್ಚುಮದ್ದು ತಪ್ಪಿದ್ದರೆ ಮೊದಲು ಅದನ್ನು ಹಾಕಿಸಿ. ಹೆಪಟೈಟಿಸ್-ಬಿಗೆ ಮೂರು ಡೋಸು ಇದೆ. ಹೆಪಟೈಟಿಸ್-ಸಿಗೆ ಲಸಿಕೆಯೇ ಇಲ್ಲ, ಅದನ್ನು ನೆನಪಿಡಿ.

• ಸೇನೆಗೆ ಸೇರಬೇಕು ಅಂತ ಮುಂಜಾನೆ ಮೈದಾನದಲ್ಲಿ ಓಡುವ ಹುಡುಗರೇ, ಹಚ್ಚೆಗೆ ಮುಂಚೆ ಭರ್ತಿ ನಿಯಮ ಓದಿ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗ, ಅಂಗೈಯ ಹಿಂಬದಿ, ಇಷ್ಟು ಬಿಟ್ಟರೆ ಬೇರೆ ಕಡೆ ಶಾಶ್ವತ ಹಚ್ಚೆ ಸೇನೆಯಲ್ಲಿ ನಡೆಯುವುದಿಲ್ಲ. ಸಂಪ್ರದಾಯವಿರುವ ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ. ಭರ್ತಿ ಹತ್ತಿರ ಬಂತು ಅಂತ ಸುಣ್ಣ, ಸೋಡಾ ಹಚ್ಚಿ, ಆಸಿಡ್ ಹಾಕಿ ಸುಟ್ಟುಕೊಂಡ ಮಕ್ಕಳಿದ್ದಾರೆ. ಹಚ್ಚೆ ಹೋಗಲಿಲ್ಲ, ಚರ್ಮ ಹೋಯಿತು.

• ತೆಗೆಸಲೇಬೇಕಾದರೆ ಚರ್ಮದ ಡಾಕ್ಟರ ಹತ್ತಿರ ಲೇಸರ್ ಇದೆ. ಒಂದೇ ದಿನದಲ್ಲಿ ಆಗುವುದಿಲ್ಲ, ಆರು ಎಂಟು ವಾರ ಬಿಟ್ಟು ಬಿಟ್ಟು ಹಲವು ಸಲ ಹೋಗಬೇಕು. ಹಸಿರು, ಹಳದಿ ಹೋಗುವುದು ಕಷ್ಟ. ನಮ್ಮ ಕಂದು ಮೈಗೆ ಬಿಳಿ ಕಲೆ ಉಳಿಯಲೂಬಹುದು. ಖರ್ಚು ಹಾಕಿಸಿದ್ದಕ್ಕಿಂತ ಎಷ್ಟೋ ಪಟ್ಟು.

• ಹಚ್ಚೆ ಹಾಕಿಸಿದ ಮೇಲೆ, ಚುಚ್ಚಿಸಿದ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಕಾಲೇಜಿನ ರಕ್ತದಾನ ಶಿಬಿರದಲ್ಲಿ ನಾಚಿಕೊಂಡು ಮುಚ್ಚಿಡಬೇಡಿ. ನಿಮ್ಮ ರಕ್ತ ಹೋಗುವುದು ಇನ್ನೊಬ್ಬರ ಮೈಗೆ.

• ಗೋರಂಟಿಯಲ್ಲೂ ಎಚ್ಚರ ಇರಲಿ. ನಿಜವಾದ ಗೋರಂಟಿ ಕೆಂಪು ಕೊಡುತ್ತೆ, ಗಂಟೆಗಟ್ಟಲೆ ಕಾಯಿಸುತ್ತೆ. ಅರ್ಧ ಗಂಟೆಯಲ್ಲಿ ಕರ್ರಗೆ ಹತ್ತುವ ಕೋನಿನಲ್ಲಿ ತಲೆಗೂದಲಿನ ಬಣ್ಣಕ್ಕೆ ಹಾಕುವ ಪಿಪಿಡಿ ಎಂಬ ರಾಸಾಯನಿಕ ಇರುತ್ತೆ. ಅದು ಹತ್ತಿದ ಬಳ್ಳಿಯ ಆಕಾರಕ್ಕೇ ಬೊಬ್ಬೆ ಏಳುತ್ತೆ, ಆಮೇಲೆ ಜೀವನಪೂರ್ತಿ ತಲೆಗೆ ಡೈ ಹಚ್ಚುವಂತಿಲ್ಲ. ಅಂಗಳದ ಗೋರಂಟಿ ಗಿಡ ಯಾಕೆ ಮರೆತಿರಿ?

ಚುಚ್ಚಿಸಿ ಬಂದಾಯಿತು. ಈಗ ಆರೈಕೆ. ಜನ ಸೋಲುವುದು ಇಲ್ಲೇ. ಮೊದಲ ಎರಡು ದಿನ ಬಹಳ ಜೋಪಾನ, ಮೂರನೆಯ ದಿನ ಮರೆವು.

• ಗಾಯ ಮುಟ್ಟುವ ಮೊದಲು ಕೈ ತೊಳೆಯಿರಿ. ಬದನೆಕಾಯಿ ನಂಜು ಅಂತ ತಿನ್ನದೆ ಬಿಡುತ್ತೀರಿ, ದನದ ಕೊಟ್ಟಿಗೆಯಿಂದ ಬಂದ ಕೈಯಲ್ಲೇ ಓಲೆ ಮುಟ್ಟುತ್ತೀರಿ. ಬದನೆಕಾಯಿಯಿಂದ ಕೀವು ತುಂಬಿದ್ದನ್ನು ನಾನು ಕಂಡಿಲ್ಲ, ಉಗುರಿನಿಂದ ತುಂಬಿದ್ದನ್ನು ಬೇಕಾದಷ್ಟು ಕಂಡಿದ್ದೇನೆ.

• ದಿನಕ್ಕೆ ಎರಡು ಸಲ ಉಪ್ಪುನೀರಿನಲ್ಲಿ ಗಾಯ ತೊಳೆಯಿರಿ. ಒಂದು ಲೋಟ ನೀರು ಚೆನ್ನಾಗಿ ಕುದಿಸಿ ಆರಿಸಿ, ಕಾಲು ಚಮಚ ಉಪ್ಪು ಹಾಕಿ. ಪಾವಗಡದ ಕಡೆ ಬೋರಿನ ನೀರು ಗಡಸು, ಸೋಪಿನ ನೊರೆಯೇ ಏಳುವುದಿಲ್ಲ. ಶುದ್ಧ ನೀರಿನ ಘಟಕದಿಂದ ಹಿಡಿದು ತಂದ ನೀರನ್ನೇ ಇದಕ್ಕೆ ಬಳಸಿ, ಆದರೆ ಕುದಿಸದೆ ಬಳಸಬೇಡಿ. ಹೆಚ್ಚು ಉಪ್ಪು ಹಾಕಿದರೆ ಬೇಗ ಮಾಗುತ್ತೆ ಅಂದುಕೊಳ್ಳಬೇಡಿ, ಚರ್ಮ ಸುಡುತ್ತೆ.

• ಅರಿಶಿನದ ಪುಡಿ ತುಂಬಬೇಡಿ. ಅರಿಶಿನ ಒಳ್ಳೆಯದೇ, ಆದರೆ ಡಬ್ಬಿಯ ಪುಡಿಗೆ ಅಡುಗೆ ಮನೆಯ ಎಲ್ಲ ಕೈಯೂ ಬಿದ್ದಿರುತ್ತೆ. ಪುಡಿ ತೂತಿನಲ್ಲಿ ಗಟ್ಟಿಯಾಗಿ ಕೂತು ಕೀವನ್ನು ಹೊರಗೆ ಬರಗೊಡುವುದಿಲ್ಲ. ವಿಭೂತಿ, ಟೂತ್‌ಪೇಸ್ಟು, ಕಾಫಿಪುಡಿ ಇವುಗಳ ಮಾತೂ ಅಷ್ಟೇ.

• ತೂತು ಮುಚ್ಚದಿರಲಿ ಅಂತ ಬೇವಿನ ಕಡ್ಡಿ, ಪೊರಕೆ ಕಡ್ಡಿ ಸಿಕ್ಕಿಸಬೇಡಿ. ನಮ್ಮ ಹಿರಿಯರು ಸಿಕ್ಕಿಸುತ್ತಿದ್ದರು, ನಿಜ. ಕಡ್ಡಿ ನೀರು ಕುಡಿದು ಉಬ್ಬುತ್ತೆ, ಸಿಬಿರು ಒಳಗೆ ಮುರಿಯುತ್ತೆ. ಪೊರಕೆ ಎಲ್ಲೆಲ್ಲಿ ಗುಡಿಸಿತ್ತು ಅನ್ನುವುದನ್ನು ಯೋಚಿಸಿ.

• ಓಲೆಯನ್ನು ದಿನವೂ ತಿರುಗಿಸಬೇಡಿ. ತಿರುಗಿಸಿದಾಗ ಒಣಗಿದ ಹಕ್ಕಳೆ ಒಳಗೆ ಹೋಗಿ ಹೊಸ ಗಾಯ ಮಾಡುತ್ತೆ.

• ಹಚ್ಚೆಯ ಹಕ್ಕಳೆ ಕೀಳಬೇಡಿ. ತುರಿಸಿದರೆ ಒದ್ದೆ ಬಟ್ಟೆ ಇಟ್ಟು ತಣಿಸಿ, ಉಗುರು ಕತ್ತರಿಸಿಕೊಳ್ಳಿ. ಕಿತ್ತ ಜಾಗದಲ್ಲಿ ಬಣ್ಣವೂ ಹೋಗುತ್ತೆ, ಕಲೆಯೂ ನಿಲ್ಲುತ್ತೆ.

• ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಒಂದು ಟ್ಯೂಬು ಕೊಡಿ ಅಂತ ಕೇಳಬೇಡಿ. ಕೊಡುವುದು ಬಹುಮಟ್ಟಿಗೆ ಸ್ಟೀರಾಯ್ಡ್ ಮುಲಾಮು. ಎರಡು ದಿನ ಹಾಯೆನಿಸುತ್ತೆ, ಒಳಗೆ ನಂಜು ನೆಮ್ಮದಿಯಾಗಿ ಬೆಳೆಯುತ್ತೆ.

• ಗಾಯ ಒಣಗುವವರೆಗೆ ಈಜಬೇಡಿ. ತೀತಾ ಜಲಾಶಯ ತುಂಬಿರಲಿ, ತೋಟದ ಬಾವಿ ತುಂಬಿರಲಿ, ಮೂರು ನಾಲ್ಕು ವಾರ ದಡದಲ್ಲೇ ಕೂತಿರಿ.

• ಬೇಸಿಗೆ ಬಿಟ್ಟು ಚಳಿಗಾಲದಲ್ಲಿ ಚುಚ್ಚಿಸಿ. ಬೆವರೂ ಕಡಿಮೆ, ನೊಣವೂ ಕಡಿಮೆ. ಹುಣಸೆ ಬಡಿಯುವ, ಕಡಲೆಕಾಯಿ ಬಿಡಿಸುವ ದಿನಗಳಲ್ಲಿ ಹಸಿ ಗಾಯ ಇಟ್ಟುಕೊಳ್ಳಬೇಡಿ, ಧೂಳು ನೇರ ಅಲ್ಲಿಗೇ ಬರುತ್ತೆ. ಭುಜದ ಮೇಲೆ ಹೊಸ ಹಚ್ಚೆ ಇರುವಾಗ ಬ್ಯಾಗು ಹೆಗಲಿಗೇರಿಸಿ ಮಧುಗಿರಿ ಬೆಟ್ಟ ಹತ್ತುವುದೂ ಬೇಡ. ಪಟ್ಟಿ ಉಜ್ಜಿ ಸಿಪ್ಪೆ ಏಳುತ್ತೆ.

• ತಿರುಮಣಿ ಸೋಲಾರ್ ಪಾರ್ಕಿನ ಕಡೆ ಬಿಸಿಲಲ್ಲಿ ದುಡಿಯುವವರು ಹಚ್ಚೆ ಮೇಲೆ ಸಡಿಲ ತುಂಬುತೋಳಿನ ಹತ್ತಿ ಅಂಗಿ ಹಾಕಿ. ಕೆಲವು ಬಣ್ಣ, ಅದರಲ್ಲೂ ಹಳದಿ, ಬಿಸಿಲಿಗೆ ಕೆರಳಿ ಉಬ್ಬುತ್ತೆ.

• ಭಾರದ ಜುಮುಕಿಯನ್ನು ಮದುವೆ ಮನೆಯಿಂದ ಬಂದ ತಕ್ಷಣ ತೆಗೆಯಿರಿ, ಹಾಕಿಕೊಂಡು ಮಲಗಬೇಡಿ. ಮಾಟಿ ಹಾಕಿದರೆ ಭಾರ ಕೂದಲಿಗೆ ಹೋಗುತ್ತೆ, ಹಾಲೆ ಉಳಿಯುತ್ತೆ. ಎದೆಹಾಲು ಕುಡಿಯುವ ಕೂಸಿದ್ದರೆ ಓಲೆ ಚಿಕ್ಕದಿರಲಿ.

• ಹರಿದ ಹಾಲೆಯನ್ನು ಹೊಲಿಗೆ ಇಲ್ಲದೆ ಅಂಟಿಸಿಕೊಡುತ್ತೇವೆ ಅನ್ನುವ ಬೋರ್ಡು ನಂಬಬೇಡಿ. ಅಲ್ಲಿ ಹಚ್ಚುವುದು ಹೆಚ್ಚಾಗಿ ಆಸಿಡ್. ಅಂಚು ಸುಟ್ಟು ಅಂಟಿಸುತ್ತಾರೆ; ಸ್ವಲ್ಪ ದಿನಕ್ಕೆ ಮತ್ತೆ ಬಿಡುತ್ತೆ, ಇಲ್ಲವೇ ಗಂಟಾಗುತ್ತೆ. ಡಾಕ್ಟರು ಮರಗಟ್ಟಿಸಿ ಹೊಲಿಯುವುದು ಸಣ್ಣ ಕೆಲಸ, ಅದೇ ದಿನ ಮನೆಗೆ ಬರಬಹುದು. ಮತ್ತೆ ಚುಚ್ಚಿಸಲು ಮೂರು ತಿಂಗಳು ಬಿಡಿ, ಹೊಲಿಗೆಯ ಗೆರೆಯ ಮೇಲೆ ಚುಚ್ಚಿಸಬೇಡಿ.

ಕೆಟ್ಟಿತು ಅನಿಸಿದಾಗ ಏನು ಮಾಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ.

• ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಸುತ್ತ ಗೆರೆ ಎಳೆಯಿರಿ. ಬೆಳಿಗ್ಗೆ ಕೆಂಪು ಗೆರೆ ದಾಟಿದ್ದರೆ ಡಾಕ್ಟರ ಹತ್ತಿರ ಹೊರಡಿ. ಜ್ವರ, ಚಳಿ, ತೋಳಿನ ಮೇಲೆ ಏರುವ ಕೆಂಪು ಗೀರು ಕಂಡರೆ ಬೆಳಗಾಗಲು ಕಾಯಬೇಡಿ.

• ಕೀವು ಕಂಡ ತಕ್ಷಣ ಓಲೆ ಕಿತ್ತೆಸೆಯಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಸಿಕ್ಕಿ ಬಾವು ಕಟ್ಟುತ್ತೆ. ತೆಗೆಯಬೇಕೋ ಬಿಡಬೇಕೋ ಡಾಕ್ಟರು ಹೇಳಲಿ.

• ಹಚ್ಚೆಯ ಜಾಗದಲ್ಲಿ ತಿಂಗಳುಗಳಾದ ಮೇಲೆ ಗಂಟು, ಒಣಗದ ಹುಣ್ಣು, ಸ್ಪರ್ಶ ತಿಳಿಯದ ಮಚ್ಚೆ ಕಂಡರೆ ಉದಾಸೀನ ಬೇಡ. ಹಚ್ಚೆಯ ಸೂಜಿಯಿಂದ ಕುಷ್ಠ, ಚರ್ಮದ ಕ್ಷಯ ಹತ್ತಿದ್ದು ನಮ್ಮ ದೇಶದ ಡಾಕ್ಟರುಗಳೇ ಬರೆದಿಟ್ಟ ವಿಷಯ. ಹೆದರಬೇಡಿ, ಎರಡಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಔಷಧಿ ಇದೆ, ಎರಡೂ ವಾಸಿಯಾಗುತ್ತೆ. ಪಾವಗಡದ ಶ್ರೀ ರಾಮಕೃಷ್ಣ ಸೇವಾಶ್ರಮ ಈ ಎರಡು ಕಾಯಿಲೆಯವರ ಆರೈಕೆಗೇ ಹೆಸರಾದದ್ದು.

• ಸೂಜಿಯ ಮೇಲೆ ಅನುಮಾನವಿದ್ದರೆ 72 ಗಂಟೆಯೊಳಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಾಯಿಬಿಟ್ಟು ಹೇಳಿ. ಎಚ್‌ಐವಿ ಹತ್ತದಂತೆ ತಡೆಯುವ ಮಾತ್ರೆ ಆ ಅವಧಿಯೊಳಗೆ ಶುರುವಾಗಬೇಕು. ಆ ಹೊತ್ತು ಮೀರಿದ್ದರೂ ಪರೀಕ್ಷೆ ಉಚಿತ, ಗುಟ್ಟಾಗಿಯೇ ಇಡುತ್ತಾರೆ. ಎದುರು ಕೇಳಲು ಸಂಕೋಚವಾದರೆ 1097ಕ್ಕೆ ಫೋನು ಮಾಡಿ ಕೇಳಿ.

• ಸ್ಕ್ಯಾನಿಂಗಿಗೋ ಆಪರೇಷನ್ನಿಗೋ ಹೋದಾಗ ಹಚ್ಚೆ, ಓಲೆ ಎಲ್ಲೆಲ್ಲಿದೆ ಹೇಳಿ. ಹಚ್ಚೆಯ ಬಣ್ಣ ಕಂಕುಳ ಗ್ರಂಥಿಗೂ ಹೋಗಿ ಕೂರುತ್ತೆ. ಗೊತ್ತಿಲ್ಲದ ಡಾಕ್ಟರಿಗೆ ಅದು ಬೇರೆ ಕಾಯಿಲೆಯಾಗಿ ಕಾಣಬಹುದು.

• ಮೊದಲು ತಾಲ್ಲೂಕು ಆಸ್ಪತ್ರೆಗೇ ಹೋಗಿ. ಚರ್ಮದ ತಜ್ಞರು ಬೇಕಾದರೆ ಅಲ್ಲಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಪಾವಗಡದಿಂದ ತುಮಕೂರು ನೂರು ಕಿಲೋಮೀಟರಿನ ಹತ್ತಿರ, ಬಸ್ಸಿನಲ್ಲಿ ಒಂದು ದಿನದ ಕೂಲಿ ಹೋಗುತ್ತೆ. ಕೀವು ಸಣ್ಣದಿರುವಾಗ ಊರಲ್ಲೇ ತೋರಿಸಿದರೆ ಆ ಕೂಲಿ ಉಳಿಯುತ್ತೆ.

• ತಾಯಂದಿರಿಗೆ ಕೊನೆಯದಾಗಿ. ಬೇಸಿಗೆಯಲ್ಲೂ ಮಗ ತುಂಬುತೋಳಿನ ಅಂಗಿ ಬಿಚ್ಚುತ್ತಿಲ್ಲ, ಮಗಳು ಕಿವಿ ಮುಚ್ಚಿ ಜಡೆ ಹಾಕುತ್ತಿದ್ದಾಳೆ ಅಂದರೆ ಹತ್ತಿರ ಕೂರಿಸಿಕೊಂಡು ಕೇಳಿ. ನಮ್ಮ ಬೈಗುಳಕ್ಕೆ ಹೆದರಿಯೇ ಮಕ್ಕಳು ಗಾಯ ಬಚ್ಚಿಡುವುದು, ಬಚ್ಚಿಟ್ಟಷ್ಟು ದಿನವೂ ಅದು ಕೆಡುವುದು. ಬೈಯುವುದಿದ್ದರೆ ಮಾಗಿದ ಮೇಲೆ ಬೈಯಿರಿ. ಇವತ್ತು ಅಂಗಿ ತೋಳು ಮಡಚಿ ನೋಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.